ಶಾಲು-ಹಾರಕ್ಕೆ ಮುಕ್ಕಾಲು ತಾಸು, ಸಂಶೋಧಕರಿಗೆ 12 ನಿಮಿಷ

ಮಾನ್ಯ ಸಂಪಾದಕರೇ,

ಮಕ್ಕಳ ನರವಿಕಾಸದ (ಅಂದರೆ ಮಿದುಳಿನ ಬೆಳವಣಿಗೆಯ) ತೊಂದರೆಗಳು ಮತ್ತು ಕುಟುಂಬದ ಸ್ವಾಸ್ಥ್ಯ ಕುರಿತು ಭಾನುವಾರ ನಮ್ಮ ವಿಜಯಪುರದಲ್ಲಿ ನಡೆದ ಉಪನ್ಯಾಸದ ವರದಿಯನ್ನು ಇಂದಿನ ಸಂಚಿಕೆಯಲ್ಲಿ ಓದಿದೆ. ಕಾರ್ಯಕ್ರಮ ‘ಯಶಸ್ವಿಯಾಗಿ ಜರುಗಿತು’ ಎಂದು ಬರೆದಿದ್ದೀರಿ. ಇಂಥ ತೊಂದರೆಗಳಲ್ಲೊಂದಾದ ಆಟಿಸಂ ಇರುವ 9 ವರ್ಷದ ಮಗನನ್ನು ಕರೆದುಕೊಂಡು ಹೋಗಿದ್ದ ನನಗೆ, ನಾವು ಹೋಗಿದ್ದು ಬೇರೆ ಯಾವುದೋ ಸಭೆಗೆ ಇರಬೇಕು ಎನ್ನಿಸಿತು.

ಆಮಂತ್ರಣದಲ್ಲಿ ಇದ್ದದ್ದು 10 ಗಂಟೆ. ಗಣ್ಯರು ದಯಮಾಡಿಸಿದ್ದು 12ಕ್ಕೆ ಹತ್ತು ನಿಮಿಷ ಇರುವಾಗ. ಅಲ್ಲಿಯತನಕ ಹೊರಗೆ ಏಪ್ರಿಲ್ ತಿಂಗಳ ನಮ್ಮೂರ ಬಿಸಿಲು, ಒಳಗೆ ಕಿವಿ ಗಡಚಿಕ್ಕುವ ‘ಹಲೋ, ಮೈಕ್ ಟೆಸ್ಟಿಂಗ್’. ನನ್ನ ಮಗ ಗೋಳಗುಮ್ಮಟದ ಒಳಗೂ ಕಾಲಿಡುವವನಲ್ಲ, ಮೇಲಿನ ಸುತ್ತಿನಲ್ಲಿ ಜನ ಕೂಗಿದ್ದು ತಿರುತಿರುಗಿ ಬರುವುದನ್ನು ಅವನು ತಾಳಲಾರ. ಅಂಥವನು ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯ ಕೆಳಗೆ ಸೇರಿ ಚೀರತೊಡಗಿದಾಗ ಬ್ಯಾಡ್ಜ್ ಹಾಕಿಕೊಂಡ ಒಬ್ಬರು ಬಂದು, “ಅಕ್ಕಾರ, ಹುಡುಗನ್ನ ಹೊರಗ ಕರ್ಕೊಂಡ ಹೋಗ್ರಿ, ಸಾಹೇಬ್ರು ಬರೂ ಹೊತ್ತಾತು” ಎಂದರು. ಮಗ ತನ್ನ ತಂದೆಯೊಡನೆ ಹೊರಗಿನ ಬೇವಿನ ಮರದ ಕೆಳಗೆ ಕುಳಿತ. ಹಾಸಿಗೆ ಹಿಡಿದ ಅತ್ತೆಯವರನ್ನು ನೆರೆಮನೆಯವರಿಗೆ ಒಪ್ಪಿಸಿ, ಆಟೊಕ್ಕೆ ದುಡ್ಡು ತೆತ್ತು ಬಂದದ್ದಕ್ಕಾದರೂ ನಾನು ಕೇಳಲೇಬೇಕಿತ್ತು, ಕುಳಿತೆ.

ಸ್ವಾಗತ, ದೀಪ, ಶಾಲು, ಹಾರ, ಫೋಟೊ ಎಲ್ಲ ಮುಗಿದ ಮೇಲೆ ಉಪನ್ಯಾಸ ಕೊಡಲು ಬಂದ ಸಂಶೋಧಕರಿಗೆ ಉಳಿದದ್ದು 12 ನಿಮಿಷ. ದೇಶದ ಐದು ಪ್ರದೇಶಗಳ 2ರಿಂದ 9 ವರ್ಷದ ಮಕ್ಕಳ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು ಎಂಟು ಮಕ್ಕಳಲ್ಲಿ ಒಂದಕ್ಕೆ ಇಂಥ ಒಂದಾದರೂ ತೊಂದರೆ ಇದೆಯೆಂದು ಅವರು ಹೇಳಿದರು. ಆ ಐದರಲ್ಲಿ ನಮಗೆ ಹತ್ತಿರದ್ದೆಂದರೆ ಬೆಳಗಾವಿಯಾಚೆಯ ಉತ್ತರ ಗೋವಾ. ತಾಯಿಗೆ ರಾತ್ರಿ ಎಷ್ಟು ನಿದ್ದೆ, ಮನೆಯ ಇನ್ನೊಂದು ಮಗುವನ್ನು ಯಾರು ವಿಚಾರಿಸುತ್ತಾರೆ ಎಂಬುದನ್ನು ಕೇಳದೆ ಬರೀ ಈ ಮಗುವಿಗೆ ಚಿಕಿತ್ಸೆ ಕೊಟ್ಟರೆ ಅರ್ಧ ಕೆಲಸವಾದಂತೆ ಎಂದು ಅವರು ಹೇಳಿದಾಗ, ಆಮಂತ್ರಣವನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದ ಏಳನೇ ಇಯತ್ತೆಯ ನನ್ನ ಹಿರಿಯ ಮಗಳು ಮೊದಲ ಸಲ ತಲೆ ಎತ್ತಿ ನೋಡಿದಳು. ಅಷ್ಟರಲ್ಲಿ ಅವರ ಮುಂದೆ ಚೀಟಿ ಬಂತು, ಊಟ ಆರುತ್ತಿತ್ತಂತೆ.

ಬಳಿಕ ಅರ್ಧ ತಾಸು ಮಾತನಾಡಿದ ಅಧಿಕಾರಿಗಳು, ತಾಯಂದಿರು ಮಕ್ಕಳ ಕೈಗೆ ಮೊಬೈಲ್ ಕೊಡುವುದನ್ನು ಬಿಟ್ಟರೆ ಈ ಕಾಯಿಲೆ ತಾನೇ ವಾಸಿಯಾಗುತ್ತದೆ ಎಂದು ಅಪ್ಪಣೆ ಕೊಡಿಸಿದರು. ತಾವು ಅದನ್ನೇ ಶೀರ್ಷಿಕೆ ಮಾಡಿದಿರಿ. ಒಂದೂವರೆ ವರ್ಷಕ್ಕೇ ಹೆಸರು ಕರೆದರೆ ತಿರುಗಿ ನೋಡದಿದ್ದ ನನ್ನ ಮಗನ ಕೈಗೆ ಸಿಗಲು ಆಗ ಮನೆಯಲ್ಲಿದ್ದದ್ದು ಒಂದು ಬಟನ್ ಫೋನು. ತಾಯಿ ಅಕ್ಕರೆ ತೋರದಿದ್ದರೆ ಮಗುವಿಗೆ ಆಟಿಸಂ ಬರುತ್ತದೆ ಎಂದು ಹಿಂದೊಮ್ಮೆ ವೈದ್ಯರೇ ಹೇಳುತ್ತಿದ್ದರು; 1977ರಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ಇದರಲ್ಲಿ ವಂಶವಾಹಿಗಳ ಪಾಲು ದೊಡ್ಡದೆಂದು ತೋರಿಸಿ ಆಗಲೇ ನಾಲ್ಕು ದಶಕ ದಾಟಿದೆ, ನಮ್ಮ ವೇದಿಕೆಗೆ ಮಾತ್ರ ಅದು ಇನ್ನೂ ತಲುಪಿಲ್ಲ.

ತಲುಪುವುದಾದರೂ ಹೇಗೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಅಂಗವೈಕಲ್ಯದ 21 ಬಗೆಗಳಲ್ಲಿ ಆಟಿಸಂ ಸೇರಿದ್ದರೂ, ಅದರ ಪ್ರಮಾಣಪತ್ರಕ್ಕೆಂದು ಹೋದ ಕಚೇರಿಯಲ್ಲಿ, “ಕೈಕಾಲು ಸರಿ ಅದಾವಲ್ರಿ, ಇವಗ್ಯಾಕ ಬೇಕು?” ಎಂದು ಕೇಳಿದರು. ಮೊದಲ ಸಲ ವೈದ್ಯರಿಲ್ಲ, ಎರಡನೆಯ ಸಲ ಅರ್ಜಿ ನಮೂನೆ ಇಲ್ಲ, ಮೂರನೆಯ ಸಲ ಧಾರವಾಡಕ್ಕೆ ಹೋಗಿ ಬನ್ನಿ ಎಂದರು. ಇನ್ನೂರು ಕಿಲೋಮೀಟರಿನಷ್ಟು ದಾರಿ, ಹಾರ್ನ್ ಕೇಳಿದಾಗೊಮ್ಮೆ ಬೆಚ್ಚುವ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬಂದ ನಮ್ಮ ಕುಟುಂಬದ ಸ್ವಾಸ್ಥ್ಯವನ್ನು ಆ ಕಚೇರಿಯ ಸಾಹೇಬರು ಕೇಳಲಿಲ್ಲ. ಅಂಗನವಾಡಿಗೆ ತಪಾಸಣೆಗೆಂದು ಬಂದವರೂ ತೂಕ ನೋಡಿ, ಸಹಿ ಹಾಕಿ ಹೋಗಿದ್ದರು.

ಆದ್ದರಿಂದ ಸಂಬಂಧಪಟ್ಟವರು ಇತ್ತ ಗಮನ ಹರಿಸಬೇಕು. ಸಂಬಂಧಪಟ್ಟವರು ಯಾರೆಂಬುದನ್ನೂ ಅವರೇ ಗೊತ್ತುಮಾಡಿಕೊಳ್ಳಬೇಕು. ಆ ಸಂಶೋಧಕರನ್ನು ಮತ್ತೆ ಕರೆಸಿ, ಮೈಕಿಲ್ಲದ ಒಂದು ಕೋಣೆಯಲ್ಲಿ ಎರಡು ತಾಸು ಮಾತನಾಡಲು ಬಿಡಬೇಕು, ಇಲ್ಲವೇ ಇಂಥ ಸಭೆಗಳನ್ನೇ ಕೈಬಿಡಬೇಕು. ಶಾಲು ಹೊದೆಯಬೇಕೆಂದಿದ್ದವರು ತಮ್ಮ ಮನೆಯಲ್ಲಿಯೇ ಹೊದ್ದುಕೊಳ್ಳಲಿ.

— ನೊಂದ ತಾಯಿ, ಜಲನಗರ, ವಿಜಯಪುರ