ಚಿನ್ನು ಉಳಿದದ್ದು ಅಮ್ಮನಿಂದಲೇ

ಐಂಡ್‌ಹೋವನ್, ನೆದರ್ಲೆಂಡ್ಸ್
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನಿಗೂ ನಿಮ್ಮ ಮಗ ನಾಗೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ.

ಅಪ್ಪ, ನೀವು ಬರೆದ ಎರಡು ಹಾಳೆಯ ಪತ್ರವನ್ನು ನಿಮ್ಮ ಸೊಸೆ ಸವಿತಾ ಫೋಟೋ ತೆಗೆದು ಕಳಿಸಿದ್ದಳು. ಫೋನಿನಲ್ಲಿ ನೀವು ಯಾರೂ ಹೇಳದೆ ಉಳಿಸಿಕೊಂಡಿದ್ದ ಸಂಗತಿ ಅದರಲ್ಲಿತ್ತು. ನನ್ನ ಮಗ ಚಿನ್ನು ಅಂಗಳದ ನೀರಿನ ಸಂಪಿಗೆ ಬಿದ್ದು ಬದುಕಿದ ದಿನದಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವೆಂದೂ, ರಾತ್ರಿ ಸಂಪಿನ ಮುಚ್ಚಳದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಾಳೆಂದೂ, ಚಿನ್ನು ತಾನಾಗಿ ಓಡಿ ಬಂದರೂ ಎತ್ತಿಕೊಳ್ಳದೆ "ನನ್ನ ಕೈಗೆ ಮಗುವನ್ನು ಕೊಡಬೇಡಿ" ಎನ್ನುತ್ತಾಳೆಂದೂ ಬರೆದಿದ್ದೀರಿ. ಮಗು ಬದುಕಿ ಆಟವಾಡುತ್ತಿರುವ ಮನೆಯಲ್ಲಿ ಹೀಗಾಗಬಾರದು. ಈ ಪತ್ರವನ್ನು ನೀವು ಅಮ್ಮನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಸವಿತಾಳೂ ಜೊತೆಗಿರಲಿ.

ಅಮ್ಮ, ಅಂದು ನಡೆದದ್ದನ್ನು ನಾನು ಸವಿತಾಳನ್ನೂ ನಾರಾಯಣಮ್ಮಕ್ಕನನ್ನೂ ಆಶಾ ಕಾರ್ಯಕರ್ತೆ ಮಂಜುಳಾಳನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡಿದ್ದೇನೆ. ನಲ್ಲಿಯಲ್ಲಿ ನೀರು ಬಂತೆಂದು ನೀನು ಮುಚ್ಚಳ ತೆಗೆದು ಪೈಪನ್ನು ಸಂಪಿನೊಳಗೆ ಇಳಿಬಿಟ್ಟೆ. ಒಳಗೆ ಹಾಲು ಉಕ್ಕುವ ಸದ್ದಾಯಿತು, ಹೋಗಿ ಇಳಿಸಿ ಬಂದೆ. ಊರಿನಲ್ಲಿ ಯಾವ ಮನೆಯ ಹೆಂಗಸಾದರೂ ಇಷ್ಟನ್ನೇ ಮಾಡುತ್ತಿದ್ದಳು. ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್ ಹೆಸರಿಗೆ ನದಿಯೇ ಹೊರತು ಮಳೆಗಾಲ ಕಳೆದರೆ ಮರಳು ಮಾತ್ರ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿಯ ನೀರು ಬಂದು ಕೆರೆಗಳು ತುಂಬಿದ್ದು ಕೊಳವೆಬಾವಿಗಳಿಗೆ ಆಧಾರವಾಯಿತು, ಆದರೆ ಅದು ಕುಡಿಯುವ ನೀರಲ್ಲ. ನಲ್ಲಿ ಬಂದ ದಿನ ಹಿಡಿದಿಟ್ಟುಕೊಳ್ಳದಿದ್ದರೆ ಮುಂದಿನ ಸರದಿಯವರೆಗೆ ಗತಿಯಿಲ್ಲ. ಅದಕ್ಕಾಗಿಯೇ ಮನೆಮನೆಯ ಅಂಗಳದಲ್ಲಿ ಸಂಪು ಇದೆ, ನೀರು ಬಂದಾಗಲೆಲ್ಲ ಅದರ ಬಾಯಿ ತೆರೆಯುತ್ತದೆ. ಇದರಲ್ಲಿ ನಿನ್ನೊಬ್ಬಳ ತಪ್ಪೆಂದು ಹೇಳಬಹುದಾದದ್ದು ನನಗೆ ಏನೂ ಕಾಣುವುದಿಲ್ಲ.

ಆದರೆ ಅದರ ನಂತರ ನೀನು ಮಾಡಿದ್ದನ್ನು ಎಲ್ಲರೂ ಮಾಡುತ್ತಿರಲಿಲ್ಲ. ಹಾಲು ಇಳಿಸಿ ಹೊರಗೆ ಬಂದಾಗ ಜಗುಲಿಯ ಮೇಲೆ ಚಿನ್ನು ಇರಲಿಲ್ಲ. ನೀನು ಕೋಣೆಗಳಲ್ಲಿ ಹುಡುಕಲಿಲ್ಲ, ಬೀದಿಗೆ ಹೋಗಲಿಲ್ಲ, ಪಕ್ಕದ ಮನೆಯವರನ್ನು ಕೇಳಲಿಲ್ಲ. ನೇರವಾಗಿ ಸಂಪಿನ ಬಳಿಗೆ ಓಡಿದೆ. ಇಲ್ಲಿ ಮಕ್ಕಳಿಗೆ ಈಜು ಕಲಿಸುವ ಹೆಂಗಸೊಬ್ಬರಿಗೆ ನಾನು ಈ ವಿಷಯ ಹೇಳಿದಾಗ ಅವರು ಮೊದಲು ಹೇಳಿದ್ದು ಇದನ್ನೇ. ನೀರಿಗೆ ಬಿದ್ದ ಮಗು ಕೂಗುವುದಿಲ್ಲ. ಬಾಯಿ ನೀರಿನ ಕೆಳಗಿರುವಾಗ ಕೂಗಲು ಉಸಿರೇ ಇರುವುದಿಲ್ಲ, ಕೈಯೆತ್ತಿ ಕರೆಯುವ ಶಕ್ತಿಯೂ ಇರುವುದಿಲ್ಲ. ಮನೆಯವರು ಮಗುವನ್ನು ಮಂಚದ ಕೆಳಗೆ, ಬಾಗಿಲ ಹಿಂದೆ, ಬೀದಿಯಲ್ಲಿ ಹುಡುಕಿ, ಎಲ್ಲಿಯೂ ಕಾಣದಿದ್ದಾಗ ಕೊನೆಗೆ ನೀರನ್ನು ನೋಡುತ್ತಾರೆ. ಉಸಿರಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಬೀಳಲು ತೊಡಗುತ್ತದೆ, ಹುಡುಕಾಟದಲ್ಲಿ ಕಳೆದುಹೋಗುವುದು ಆ ನಿಮಿಷಗಳೇ. ಆದ್ದರಿಂದ ಮಗು ಕಾಣದಿದ್ದರೆ ಮೊದಲು ನೀರನ್ನೇ ನೋಡಬೇಕೆಂದು ಇವರು ಇಲ್ಲಿ ತಾಯ್ತಂದೆಯರಿಗೆ ಹೇಳಿಕೊಡುತ್ತಾರೆ. ನಿನಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಮನೆ ತಣ್ಣಗಾಗಿತ್ತು, ಅದಕ್ಕೇ ಹೆದರಿದೆ" ಎಂದು ನೀನು ಸವಿತಾಳಿಗೆ ಹೇಳಿದೆಯಂತೆ. ನಿನ್ನ ಆ ಹೆದರಿಕೆಯೇ ನನ್ನ ಮಗನನ್ನು ಉಳಿಸಿತು.

ಡೈರಿಗೆ ಹಾಲು ಹಾಕಿ ಬರುತ್ತಿದ್ದ ನಾರಾಯಣಮ್ಮಕ್ಕ ನಿನ್ನ ಕೂಗಿಗೆ ಕ್ಯಾನನ್ನು ಬೀದಿಯಲ್ಲೇ ಬಿಟ್ಟು ಓಡಿಬಂದು, ಈಜು ಬಾರದಿದ್ದರೂ, ಸಂಪಿನಲ್ಲಿ ಎಷ್ಟು ನೀರಿದೆ ಎಂದು ಕೂಡ ಕೇಳದೆ, ಆ ಎರಡಡಿ ಚೌಕದ ಬಾಯಿಯಿಂದ ಒಳಗೆ ಇಳಿದಳು. ನೀರು ಅವಳ ಎದೆಯವರೆಗೆ ಬಂತಂತೆ. ಅವಳು ಮಗುವನ್ನು ಮೇಲಕ್ಕೆ ಎತ್ತಿದಾಗ, ಮಂಡಿನೋವಿನಿಂದ ನೆಲದ ಮೇಲೆ ಕೂರಲೂ ಕಷ್ಟಪಡುವ ನೀನು, ಬೋರಲಾಗಿ ಮಲಗಿ ಎರಡೂ ಕೈ ಒಳಗೆ ಚಾಚಿ ಅವನನ್ನು ಎಳೆದುಕೊಂಡೆ. ಅವನು ನೀರಿನಿಂದ ಹೊರಗೆ ಬಂದದ್ದು ನಿನ್ನ ಕೈಗಳಲ್ಲಿ. ಆ ಕೈಗೆ ಮಗುವನ್ನು ಕೊಡಬೇಡಿ ಎಂದು ನೀನು ಹೇಳುವುದನ್ನು ನಾನು ಹೇಗೆ ಕೇಳಲಿ?

ಮಂಜುಳಾಳಿಗೆ ನಾನು ಏನು ಹೇಳಿದರೂ ಸಾಲದು. ಸುತ್ತ ಸೇರಿದವರು ಮಗುವನ್ನು ತಲೆಯ ಮೇಲೆ ಹೊತ್ತು ತಿರುಗಿಸಿರಿ, ಹೊಟ್ಟೆ ಒತ್ತಿ ನೀರು ತೆಗೆಯಿರಿ ಎನ್ನುತ್ತಿದ್ದಾಗ ಅವಳು ಹಿರಿಯರೆಂದು ಸಂಕೋಚಪಡದೆ ಎಲ್ಲರನ್ನೂ ತಡೆದಳು. ಹೊಟ್ಟೆ ಒತ್ತಿದರೆ ಒಳಗಿನದು ಮೇಲೆ ಬಂದು ಶ್ವಾಸಕೋಶಕ್ಕೆ ಸೇರುತ್ತದೆ, ತಿರುಗಿಸುವುದರಿಂದ ಹೊತ್ತು ಹೋಗುತ್ತದೆಯೇ ಹೊರತು ಉಸಿರು ಬರುವುದಿಲ್ಲ. ಅವಳು ಮಗುವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ಮೂಗುಗಳೆರಡರ ಮೇಲೂ ತನ್ನ ಬಾಯಿಟ್ಟು ಉಸಿರು ಊದಿದಳು. ಇಲ್ಲಿ ನಮ್ಮ ಕಚೇರಿಯಲ್ಲಿಯೂ ಪ್ರಥಮ ಚಿಕಿತ್ಸೆಯ ತರಬೇತಿ ಇದೆ. ನೀರಿನಿಂದ ತೆಗೆದ ಮಗು ಉಸಿರಾಡದಿದ್ದರೆ ಮೊದಲು ಐದು ಸಲ ಉಸಿರು ಕೊಡಬೇಕು, ಆಮೇಲೂ ಅಲುಗಾಡದಿದ್ದರೆ ಎದೆಯ ನಡುವೆ ಮೂವತ್ತು ಸಲ ಒತ್ತಿ ಎರಡು ಸಲ ಉಸಿರು ಕೊಡುತ್ತ ಮುಂದುವರಿಯಬೇಕು ಎಂದು ಗೊಂಬೆಯ ಮೇಲೆ ಮಾಡಿಸಿ ಕಲಿಸುತ್ತಾರೆ. ನಮ್ಮ ಊರಿನ ಹುಡುಗಿ ಅದನ್ನು ಜನರ ಗದ್ದಲದ ನಡುವೆ, ಜೀವವಿರುವ ಮಗುವಿನ ಮೇಲೆ ಮಾಡಿದಳೆಂದು ನಾನು ಇಲ್ಲಿ ಹೇಳಿದಾಗ ತರಬೇತಿ ಕೊಡುವವನು ಎದ್ದು ನಿಂತು ನನ್ನ ಕೈ ಹಿಡಿದುಕೊಂಡನು. ಚಿನ್ನು ಕೆಮ್ಮಿ, ವಾಂತಿ ಮಾಡಿ, ಅತ್ತನಂತೆ. ಆ ಅಳುವನ್ನು ಕೇಳಿದ ನೀವೇ ಪುಣ್ಯವಂತರು.

ಅಪ್ಪ, ಮಗು ಅತ್ತ ಮೇಲೆ ಆಸ್ಪತ್ರೆ ಏಕೆ ಎಂದು ಕೆಲವರು ಹೇಳಿದರೂ ನೀವು 108 ಕರೆಸಿ ಕೋಲಾರಕ್ಕೆ ಕರೆದೊಯ್ದದ್ದು ಬಹಳ ಸರಿಯಾಯಿತು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು, ಅದಕ್ಕಾಗಿಯೇ ರಾತ್ರಿಯಿಡೀ ಇಟ್ಟುಕೊಂಡು ನೋಡಿದರು. ಎಕ್ಸ್‌ರೇ ಸರಿಯಿದೆ, ಜ್ವರವಿಲ್ಲ, ಉಸಿರು ಸರಿಯಿದೆ ಎಂದು ಸವಿತಾ ಹೇಳಿದ್ದಾಳೆ. ಇನ್ನು ಅವನ ಬಗ್ಗೆ ನನಗೆ ಚಿಂತೆಯಿಲ್ಲ.

ಚಿಂತೆ ಇರುವುದು ಅಮ್ಮನದು. ಊಟ ಬಿಟ್ಟಿದ್ದಾಳೆ, ಆದರೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಿದ್ದಾಳೆ ಎಂದು ನೀವು ಸಮಾಧಾನಕ್ಕೆಂದು ಬರೆದಿದ್ದೀರಿ. ಅದನ್ನು ಓದಿದಾಗಿನಿಂದ ನನಗೆ ಬೇರೆ ಯೋಚನೆ ಬಂದಿಲ್ಲ. ಅಪ್ಪ, ಕೆಲವು ಮಾತ್ರೆಗಳನ್ನು ಊಟವಿಲ್ಲದೆ ನುಂಗಿದರೆ ರಕ್ತದ ಸಕ್ಕರೆ ಒಮ್ಮೆಲೇ ಇಳಿದುಬಿಡುತ್ತದೆ. ಮೈ ಬೆವರುವುದು, ಕೈ ನಡುಗುವುದು, ತಲೆ ಸುತ್ತುವುದು, ಮಾತು ತಡವರಿಸುವುದು ಕಂಡರೆ ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ನಂತರ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸುವುದೂ ಬೇಡ, ನಾಳೆಯೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಇರುವ ಸ್ಥಿತಿಯನ್ನು ಮರೆಮಾಚದೆ ಹೇಳಿ. ಅಮ್ಮ ಬರುವುದಿಲ್ಲವೆಂದರೆ ಸವಿತಾ ಶಾಲೆಗೆ ರಜೆ ಹಾಕಿ ಕರೆದೊಯ್ಯಲಿ. ಒಂದು ಮುದ್ದೆ, ಸ್ವಲ್ಪ ಸಾರು, ಅಷ್ಟಾದರೂ ಎರಡು ಹೊತ್ತು ಹೊಟ್ಟೆಗೆ ಬೀಳಲೇಬೇಕು.

ಅಮ್ಮ, ಕೋಲಾರಮ್ಮನಿಗೆ ಒಂದು ವರ್ಷ ಮಂಗಳವಾರ ಮತ್ತು ಶುಕ್ರವಾರ ಒಪ್ಪೊತ್ತು ಇರುತ್ತೇನೆಂದು ಹರಕೆ ಹೊತ್ತಿದ್ದೀಯೆಂದು ತಿಳಿಯಿತು. ಹರಕೆ ತಪ್ಪಿಸು ಎಂದು ನಾನು ಹೇಳುವುದಿಲ್ಲ. ದೇವಸ್ಥಾನದ ಅರ್ಚಕರನ್ನೇ ಕೇಳಿ, ನಿನ್ನ ಕಾಯಿಲೆಯನ್ನು ತಿಳಿಸಿ, ಒಪ್ಪೊತ್ತಿನ ಬದಲು ತಂಬಿಟ್ಟಿನ ಆರತಿ ಮಾಡಬಹುದೇ ಎಂದು ಅಪ್ಪ ವಿಚಾರಿಸಲಿ. ಮಗುವನ್ನು ಉಳಿಸಿಕೊಟ್ಟ ಆ ದೇವಿ, ನೀನು ಉಪವಾಸವಿರಲೆಂದು ಬಯಸುವವಳಲ್ಲ. ರಜೆಗೆ ಬಂದಾಗ ನಾನೇ ನಿನ್ನ ಜೊತೆ ಬಂದು ಹರಕೆ ಒಪ್ಪಿಸುತ್ತೇನೆ. ಸವಿತಾಳ ಮುಖ ನೋಡಲು ನಿನಗೆ ಸಂಕೋಚವಂತೆ. ಅವಳು ನನಗೆ ಫೋನಿನಲ್ಲಿ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಅಂದು ಮನೆಯಲ್ಲಿ ನಾನಿದ್ದಿದ್ದರೆ ಮೊದಲು ಬೀದಿಯಲ್ಲೇ ಹುಡುಕುತ್ತಿದ್ದೆ, ಅತ್ತೆ ಇದ್ದದ್ದಕ್ಕೆ ನನ್ನ ಮಗು ಉಳಿಯಿತು."

ಇಲ್ಲಿಯ ಜನ ನೀರಿನ ವಿಷಯದಲ್ಲಿ ವಿಚಿತ್ರವಾದವರು. ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ನಾನು ಬಂದಿಳಿದ ಆಮ್‌ಸ್ಟರ್‌ಡ್ಯಾಮ್‌ನ ವಿಮಾನ ನಿಲ್ದಾಣವೇ 1852ರಲ್ಲಿ ನೀರು ಬತ್ತಿಸಿದ ದೊಡ್ಡ ಕೆರೆಯ ತಳ. 1953ರಲ್ಲಿ ಸಮುದ್ರದ ಒಡ್ಡುಗಳು ಒಡೆದು 1,836 ಜನ ತೀರಿಕೊಂಡರು. ಹೀಗಾಗಿ ಐದಾರು ವರ್ಷದ ಮಕ್ಕಳಿಗೇ ಈಜು ಕಲಿಸಿ, ಪರೀಕ್ಷೆ ಮಾಡಿ, ಪ್ರಮಾಣಪತ್ರ ಕೊಡುತ್ತಾರೆ. ಸಹೋದ್ಯೋಗಿಯ ಮಗಳ ಪರೀಕ್ಷೆಯನ್ನು ನೋಡಲು ಹೋಗಿದ್ದೆ. ಮಕ್ಕಳು ಅಂಗಿ, ಪ್ಯಾಂಟು, ಕಾಲಿಗೆ ಷೂ ಸಮೇತ ನೀರಿಗೆ ಹಾರುತ್ತಾರೆ. ಬೀಳುವ ಮಗು ಬಟ್ಟೆ ಬಿಚ್ಚಿಟ್ಟು ಬೀಳುವುದಿಲ್ಲವಲ್ಲ ಎಂಬುದು ಇವರ ಲೆಕ್ಕ. ಅಂಗಳದಲ್ಲಿ ನೀರಿನ ಗುಂಡಿ ಏಕೆ ಇಟ್ಟುಕೊಂಡಿದ್ದೀರಿ ಎಂದು ಒಬ್ಬರು ಕೇಳಿದಾಗ ನನಗೆ ಸ್ವಲ್ಪ ನೋವಾಯಿತು. ನೀವು ನೀರನ್ನು ಹೊರಗೆ ತಳ್ಳಿ ಊರು ಕಟ್ಟಿದಿರಿ, ನಮ್ಮ ಹಿರಿಯರು ಹೊಳೆಯಿಲ್ಲದ ನೆಲದಲ್ಲಿ ಬಿದ್ದ ಮಳೆಯನ್ನು ಕೆರೆಯಿಂದ ಕೆರೆಗೆ ಹಿಡಿದಿಟ್ಟು ಊರು ಕಟ್ಟಿದರು ಎಂದು ಹೇಳಿದೆ. ಅವರು ಒಪ್ಪಿದರು. ಚಿನ್ನುವಿಗೆ ಐದು ತುಂಬಿದ ಮೇಲೆ ಈಜು ಕಲಿಸಲೇಬೇಕು, ಅದನ್ನು ಈಗಲೇ ನಿಶ್ಚಯಿಸಿದ್ದೇನೆ.

ನಾರಾಯಣಮ್ಮಕ್ಕ ನೀವು ಕೊಟ್ಟ ಹಣವನ್ನು ಮುಟ್ಟದೆ ಹಿಂದಕ್ಕೆ ಕೊಟ್ಟಳೆಂದು ಬರೆದಿದ್ದೀರಿ. ಅವಳು ಮಾಡಿದ್ದು ಸರಿ, ಅದಕ್ಕೆ ಹಣ ಕೊಡಲಾಗದು. ನನ್ನ ಬೇಡಿಕೆ ಇಷ್ಟು: ಈ ವರ್ಷದಿಂದ ಗೌರಿ ಹಬ್ಬಕ್ಕೆ ನಮ್ಮ ಮನೆಯಿಂದ ಅವಳಿಗೆ ತವರಿನ ಬಾಗಿನ ಹೋಗಬೇಕು. ಸೀರೆ, ಬಳೆ, ಅರಿಸಿನ ಕುಂಕುಮದೊಂದಿಗೆ ಅಮ್ಮನೇ ಅವಳ ಮನೆಗೆ ಹೋಗಿ ಕೊಡಬೇಕು. ನನಗೆ ಒಡಹುಟ್ಟಿದ ಅಕ್ಕನಿಲ್ಲ, ಇನ್ನು ಇದ್ದಾಳೆ. ಅವಳ ಮಗಳು ಪಿಯುಸಿ ಮುಗಿಸಿದ ಮೇಲೆ ಮುಂದಕ್ಕೆ ಓದುವ ಆಸೆಯಿದ್ದರೆ ಅದು ಸೋದರಮಾವನ ಜವಾಬ್ದಾರಿಯೆಂದು ಅವಳಿಗೆ ತಿಳಿಸಿ, ಆಗ ಅವಳು ಬೇಡವೆನ್ನುವುದಿಲ್ಲ.

ಸಂಪನ್ನು ಮುಚ್ಚಿಬಿಡುತ್ತೇನೆ ಎಂಬ ನಿಮ್ಮ ಯೋಚನೆಯನ್ನು ಬಿಡಿ, ನೀರಿಲ್ಲದೆ ನಡೆಯುವುದಿಲ್ಲ. ವೆಲ್ಡಿಂಗ್‌ನವರಿಗೆ ಹೇಳಿ, ಮುಚ್ಚಳದ ಕೆಳಗೆ ಬಾಯಿಗೆ ಸರಿಯಾಗಿ ಕೂರುವ ಕಬ್ಬಿಣದ ಕಂಬಿಯ ಜಾಲರಿ ಮಾಡಿಸಿ ಬೀಗ ಹಾಕಿಸಿ. ಆಗ ಮುಚ್ಚಳ ತೆಗೆದಿದ್ದರೂ ಮಗು ಒಳಗೆ ಬೀಳುವುದಿಲ್ಲ. ನಲ್ಲಿಯ ಪೈಪನ್ನು ಪಕ್ಕದ ಗೋಡೆಯಿಂದ ಒಳಗೆ ತೆಗೆದುಕೊಂಡರೆ ನೀರು ಬಂದಾಗ ಮುಚ್ಚಳ ತೆಗೆಯುವ ಅಗತ್ಯವೇ ಇರುವುದಿಲ್ಲ. ಹಣ ಸವಿತಾಳ ಖಾತೆಗೆ ಹಾಕಿದ್ದೇನೆ. ಚಿಕ್ಕಪ್ಪನ ಕೃಷಿಹೊಂಡಕ್ಕೂ ಬೇಲಿ ಹಾಕಿಸಲು ಹೇಳಿ. ಅದರ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ದೊಡ್ಡವರೇ ಹತ್ತಿ ಬರಲಾರರು. ನಾಲ್ಕು ಕಡೆಯಿಂದಲೂ ಗಂಟು ಹಾಕಿದ ಹಗ್ಗವನ್ನು ಕಲ್ಲುಕಂಬಕ್ಕೆ ಕಟ್ಟಿ ನೀರಿಗೆ ಇಳಿಬಿಡಲಿ.

ನನ್ನ ಬಗ್ಗೆ ನೀವು ಯೋಚಿಸುವುದೇ ಬೇಡ. ಊಟ ಸರಿಯಾಗಿದೆ, ನಿದ್ದೆ ಸರಿಯಾಗಿದೆ, ಚಳಿಗೆ ಬೇಕಾದ ಬಟ್ಟೆಯೆಲ್ಲ ಇದೆ, ಕೆಲಸದಲ್ಲಿ ಯಾವ ತೊಂದರೆಯೂ ಇಲ್ಲ, ಆರೋಗ್ಯ ಬಹಳ ಚೆನ್ನಾಗಿದೆ. ಬೆಳಗಿನ ವಿಮಾನಕ್ಕೆ ಬೆಂಗಳೂರಿಗೆ ಹೊರಟಿರುವ ಸಹೋದ್ಯೋಗಿ ಪತ್ರ ತೆಗೆದುಕೊಳ್ಳಲು ಬಂದು ಬಾಗಿಲಲ್ಲಿ ನಿಂತಿದ್ದಾನೆ, ಇಲ್ಲಿಗೇ ನಿಲ್ಲಿಸುತ್ತೇನೆ. ಚಿಕ್ಕಪ್ಪ, ಚಿಕ್ಕಮ್ಮನವರಿಗೆ ನಮಸ್ಕಾರ ತಿಳಿಸಿ. ಅಮ್ಮನ ಸಕ್ಕರೆ ಪರೀಕ್ಷೆಯ ಚೀಟಿಯ ಫೋಟೋ ತೆಗೆದು ತಪ್ಪದೆ ಕಳಿಸಲು ಸವಿತಾಳಿಗೆ ಹೇಳಿ.

ಇಂತಿ ನಿಮ್ಮ ಮಗ,
ನಾಗೇಶ