ವಿಮಾನ ಏರುವ ಅಡುಗೆ

ಮಾನ್ಯ ಸಂಪಾದಕರೇ,

ತನ್ನ ಅಡುಗೆಯನ್ನು ಹೊರದೇಶಗಳಿಗೆ ಒಯ್ಯುವುದನ್ನು ಸರ್ಕಾರದ ಕೆಲಸವನ್ನಾಗಿಯೇ ಮಾಡಿಕೊಂಡ ದೇಶ ಥಾಯ್ಲೆಂಡ್. 2002ರಲ್ಲಿ ಆರಂಭವಾದ ‘ಗ್ಲೋಬಲ್ ಥಾಯ್’ ಯೋಜನೆಯ ಗುರಿಯೇ ಜಗತ್ತಿನಾದ್ಯಂತ ಥಾಯ್ ಹೋಟೆಲುಗಳನ್ನು ಹೆಚ್ಚಿಸುವುದು. ರುಚಿಯೇನೋ ಗೆದ್ದಿತು. ಆದರೆ ಪ್ಲಾಸ್ಟಿಕ್ ಸುತ್ತಿಕೊಂಡು ವಿಮಾನದಲ್ಲಿ ಬರುವ, ಆ ಅಡುಗೆಗೆ ಬೇಕಾದ ನಿಂಬೆಹುಲ್ಲಿನ ತುದಿ ಒಲೆ ಕಾಣುವ ಮೊದಲೇ ಒಣಗಿರುತ್ತದೆ. ಅರ್ಧ ಕತ್ತರಿಸಿ ಕಸದ ಬುಟ್ಟಿಗೆ! ಅಷ್ಟೇ ತೂಕದ ಸರಕನ್ನು ಅಷ್ಟೇ ದೂರ ಒಯ್ಯಲು ಹಡಗಿಗಿಂತ ವಿಮಾನ ಉಗುಳುವ ಇಂಗಾಲ ಹತ್ತಾರು ಪಟ್ಟು ಹೆಚ್ಚು. ಅದೇ ಹುಲ್ಲಿನ ಬುಡವನ್ನು ನೀರಿನಲ್ಲಿಟ್ಟರೆ ಬೇರು ಬಿಡುತ್ತದೆ, ಕುಂಡದಲ್ಲೂ ಬೆಳೆಯುತ್ತದೆ. 2020ರಲ್ಲಿ, ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಟ್ಟು ಗುರುತಿಸುವ ಮಿಶೆಲಿನ್ ಮಾರ್ಗದರ್ಶಿಯು ಪರಿಸರಸ್ನೇಹಿ ಹೋಟೆಲುಗಳಿಗೆ ಹಸಿರು ನಕ್ಷತ್ರ ಕೊಡಲಾರಂಭಿಸಿತು. ಸಂತೋಷ. ಅಡುಗೆಯನ್ನು ರಫ್ತು ಮಾಡುವ ಸರ್ಕಾರಗಳು ಮಾತ್ರ ಇನ್ನೂ ಪೆಟ್ಟಿಗೆಗಳನ್ನೇ ಎಣಿಸುತ್ತಿವೆ. ಬಾಣಸಿಗರನ್ನೂ ಸಸಿಗಳನ್ನೂ ಕಳುಹಿಸಲಿ.

– ಒಬ್ಬ ಓದುಗ