ವುಪ್ಪರ್ಟಾಲ್‌ನಿಂದ ಅಣ್ಣ ಅತ್ತಿಗೆಗೆ

ಪೂಜ್ಯ ಅಣ್ಣನಿಗೂ ಅತ್ತಿಗೆಗೂ ನಮಸ್ಕಾರಗಳು.

ನಾನು ಕ್ಷೇಮ. ಮಗ ನಿಮ್ಹಾನ್ಸ್‌ನಿಂದ ಜಯನಗರದ ಮನೆಗೆ ಮರಳಿದ ಸುದ್ದಿ ಓದಿ ಮನಸ್ಸು ಹಗುರವಾಯಿತು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ಚಟ ಇವನಿಗೆ ಎಲ್ಲಿಂದ ಅಂಟಿತೆಂದು ಅಣ್ಣ ನೊಂದು ಬರೆದಿದ್ದೀರಿ. ಮಂಡಿಯ ನೋವಿಗೆಂದು ಶುರುವಾದ ಮಾತ್ರೆಯಿಂದ ಅವನು ಬ್ರೌನ್ ಶುಗರ್ ಎಂಬ ಕಲಬೆರಕೆ ಹೆರಾಯಿನ್‌ವರೆಗೆ ಹೋದ ದಾರಿಯನ್ನು ಯೋಚಿಸಿದಾಗಲೆಲ್ಲ ನಾನಿರುವ ಜರ್ಮನಿಯ ಈ ಊರಿನ ಚರಿತ್ರೆ ನೆನಪಾಗುತ್ತದೆ.

ಇಲ್ಲಿನ ಎಲ್ಬರ್‌ಫೆಲ್ಡ್ ಭಾಗದಲ್ಲಿದ್ದ ಬಾಯರ್ ಕಂಪನಿಯ ಪ್ರಯೋಗಾಲಯದಲ್ಲಿ 1897ರ ಆಗಸ್ಟ್ ತಿಂಗಳಲ್ಲಿ ಫೆಲಿಕ್ಸ್ ಹಾಫ್‌ಮನ್ ಎಂಬಾತ ಆಸ್ಪಿರಿನ್ ಅನ್ನು ಶುದ್ಧ ರೂಪದಲ್ಲಿ ತಯಾರಿಸಿದ. ಅದೇ ತಿಂಗಳು, ಅದೇ ಬಗೆಯ ರಾಸಾಯನಿಕ ಕ್ರಿಯೆಯನ್ನು ಅಫೀಮಿನಿಂದ ತೆಗೆದ ಮಾರ್ಫಿನ್ ಮೇಲೆ ನಡೆಸಿ ಹೆರಾಯಿನ್ ಅನ್ನೂ ಪಡೆದ. 1874ರಲ್ಲೇ ಲಂಡನ್ನಿನಲ್ಲಿ ಆಲ್ಡರ್ ರೈಟ್ ತಯಾರಿಸಿದ್ದ ವಸ್ತುವೇ ಅದು. 1898ರಿಂದ ಕಂಪನಿ ಅದನ್ನು ಕೆಮ್ಮಿನ ಔಷಧಿಯಾಗಿ ಮಾರಿತು. ಮಾರ್ಫಿನ್‌ಗಿಂತ ಬೇಗ ಮಿದುಳನ್ನು ಹೊಕ್ಕು ಅಲ್ಲಿ ಮತ್ತೆ ಮಾರ್ಫಿನ್ ಆಗಿಬಿಡುವ ಈ ಪದಾರ್ಥವನ್ನು ಓದಿದವರೇ ನಿರಪಾಯಕಾರಿಯೆಂದು ನಂಬಿದ್ದರು. ನಮ್ಮ ನೆಲವೂ ಇದರಿಂದ ಹೊರತಲ್ಲ. ಬಿಹಾರದ ರೈತರು ಬೆಳೆದ ಅಫೀಮು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಬೊಕ್ಕಸ ತುಂಬಿ, ಚೀನಾದ ಮನೆಗಳನ್ನು ಹಾಳುಮಾಡಿ, 1839ರಲ್ಲಿ ಯುದ್ಧಕ್ಕೂ ಕಾರಣವಾಯಿತು. ಇಷ್ಟು ದೊಡ್ಡ ವ್ಯಾಪಾರದ ಇತಿಹಾಸವಿರುವ ವಸ್ತುವಿಗೆ ಇಪ್ಪತ್ತರ ಹುಡುಗನ ನಡತೆಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲವೆಂದು ನನಗೆ ಅನಿಸುತ್ತದೆ.

ನಾನು ಮುಖ್ಯವಾಗಿ ಬರೆಯಬೇಕಾದದ್ದು ಮುಂದಿನ ತಿಂಗಳುಗಳ ಬಗ್ಗೆ. ಗಂಡಾಂತರ ಕಳೆಯಿತೆಂದು ದಯವಿಟ್ಟು ಭಾವಿಸಬೇಡಿ. ದಿನವೂ ಸೇವಿಸುವವನ ದೇಹ ದೊಡ್ಡ ಪ್ರಮಾಣಕ್ಕೆ ಒಗ್ಗಿರುತ್ತದೆ, ಬಿಟ್ಟ ಕೆಲವೇ ವಾರಗಳಲ್ಲಿ ಆ ಶಕ್ತಿ ಕುಗ್ಗುತ್ತದೆ. ಆಗ ಒಮ್ಮೆ ಜಾರಿ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ಮಂದವಾಗಿ ಉಸಿರೇ ನಿಲ್ಲಬಹುದು. ಜೊತೆಗೆ ಮದ್ಯವೋ ನಿದ್ದೆ ಮಾತ್ರೆಯೋ ಸೇರಿದರೆ ಅಪಾಯ ಇನ್ನೂ ಹೆಚ್ಚು. ಎಬ್ಬಿಸಿದರೂ ಏಳದೆ, ಗೊರಕೆಯಂಥ ಸದ್ದಿನೊಂದಿಗೆ ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ನಿದ್ದೆಯೆಂದು ಬಿಡಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ಏನು ಸೇವಿಸಿದ್ದಾನೆಂಬುದನ್ನು ಮರೆಮಾಚದೆ ವೈದ್ಯರಿಗೆ ಹೇಳಿ. ಹೆರಾಯಿನ್‌ನ ಪರಿಣಾಮವನ್ನು ಹಿಮ್ಮೆಟ್ಟಿಸುವ ನಲಾಕ್ಸೋನ್ ಎಂಬ ಚುಚ್ಚುಮದ್ದಿದೆ.

ಅತ್ತಿಗೆ, ಡಾಕ್ಟರು ಕೊಟ್ಟಿರುವ ಬ್ಯುಪ್ರೆನಾರ್ಫಿನ್ ಒಂದು ಚಟದ ಬದಲು ಇನ್ನೊಂದು ಚಟವೆಂದು ನೀವು ಅಳುಕುತ್ತಿದ್ದೀರಿ. ಅದು ತಹತಹವನ್ನೂ ಮೈಕೈ ನೋವನ್ನೂ ತಡೆದು ಓದಿಗೆ, ಊಟಕ್ಕೆ, ನಿದ್ದೆಗೆ ಅವನನ್ನು ಮರಳಿಸುವ ಔಷಧಿ; ಅವರನ್ನು ಕೇಳದೆ ನಿಲ್ಲಿಸಬೇಡಿ. ಪೊಲೀಸರ ಭಯವೂ ಬೇಡ; ವ್ಯಸನಕ್ಕೊಳಗಾದವರು ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಸೇವನೆಯ ಮತ್ತು ಅಲ್ಪ ಪ್ರಮಾಣದ ಮಾದಕವಸ್ತುವಿನ ಅಪರಾಧಗಳಲ್ಲಿ, ಮಾದಕವಸ್ತುಗಳ ನಿಯಂತ್ರಣಕ್ಕಾಗಿ ಇರುವ 1985ರ ಎನ್‌ಡಿಪಿಎಸ್ ಕಾಯಿದೆಯ 64ಎ ಕಲಂ ರಕ್ಷಣೆ ನೀಡುತ್ತದೆ.

ನೆಂಟರು ಕೇಳಿದರೆ ಕಾಯಿಲೆಯಿತ್ತು, ಚಿಕಿತ್ಸೆ ನಡೆಯುತ್ತಿದೆ ಎಂದಷ್ಟೇ ಹೇಳಿ. ಮತ್ತೆ ಜಾರಿದರೂ ಅದನ್ನು ನಿಮಗೇ ಮೊದಲು ಹೇಳುವ ಧೈರ್ಯ ಅವನಲ್ಲಿ ಉಳಿಯಲಿ. ಭಾನುವಾರ ಅವನೊಡನೆ ನಾನೇ ಮಾತನಾಡುತ್ತೇನೆ.

ಇತಿ ನಿಮ್ಮ ಪ್ರೀತಿಯ
ತಮ್ಮ